ಪಂಡಿತಾ ರಮಾಬಾಯಿ ಮತ್ತು ಅರ್ಥವಾಗದ ಪ್ರಾರ್ಥನೆ

ಸ್ತ್ರೀಶಿಕ್ಷಣ ಮತ್ತು ವಿಧವೆಯರ ಪುನರ್ವಸತಿಯ ಚರಿತ್ರೆಯಲ್ಲಿ ಪಂಡಿತಾ ರಮಾಬಾಯಿ ಅವರ ಸ್ಥಾನ ಪ್ರಶ್ನಾತೀತ. ಆದರೆ ಅವರ ಬದುಕಿನ ಕೊನೆಯ ಎರಡು ದಶಕಗಳ ಬಗ್ಗೆ ಸಮಾಜ ಸುಧಾರಣೆಯ ಕಥನಗಳು ಹೆಚ್ಚು ಮಾತನಾಡುವುದಿಲ್ಲ. ಪುಣೆ ಸಮೀಪದ ಕೇಡಗಾಂವ್‌ನಲ್ಲಿ ಅವರು ಕಟ್ಟಿದ ಮುಕ್ತಿ ಆಶ್ರಮದ ಹೆಣ್ಣುಮಕ್ಕಳು ಯಾರಿಗೂ ಅರ್ಥವಾಗದ ಮಾತುಗಳಲ್ಲಿ ಪ್ರಾರ್ಥಿಸತೊಡಗಿದ್ದು ಆ ಕಾಲದಲ್ಲೇ. ವಿಚಾರವಂತರಿಗೆ ಮುಜುಗರ ತಂದ ಈ ಘಟನೆ ಕ್ರೈಸ್ತರನ್ನೂ ಇಬ್ಭಾಗ ಮಾಡಿತು.

ಕ್ರೈಸ್ತರು ಇದನ್ನು ‘ಅನ್ಯಭಾಷೆ’ ಎನ್ನುತ್ತಾರೆ. ಪಂಚಾಶತ್ತಮ ದಿನದಂದು ಯೇಸುವಿನ ಶಿಷ್ಯರು ತಾವು ಕಲಿಯದ ಭಾಷೆಗಳಲ್ಲಿ ಮಾತನಾಡಿದರೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಪೌಲ ಇದನ್ನು ಪವಿತ್ರಾತ್ಮನ ವರಗಳಲ್ಲೊಂದೆಂದು ಒಪ್ಪಿಕೊಂಡರೂ ಪ್ರೀತಿಯನ್ನು ಅದಕ್ಕಿಂತ ಮೇಲಿಟ್ಟ. ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಮೌನವಾಗಿರಬೇಕೆಂದು ವಿಧಿಸಿದ. 1906ರಲ್ಲಿ ಲಾಸ್ ಏಂಜಲಿಸ್‌ನ ಅಜೂಸಾ ಬೀದಿಯಲ್ಲಿ, ಗುಲಾಮರಾಗಿದ್ದ ತಂದೆತಾಯಿಗಳ ಮಗ ವಿಲಿಯಂ ಸೆಮೋರ್ ನಡೆಸಿದ ಕೂಟಗಳಿಂದ ಈ ಆಚರಣೆ ಜಗತ್ತಿನ ಗಮನ ಸೆಳೆಯಿತು. ಅನ್ಯಭಾಷೆಯೇ ಪವಿತ್ರಾತ್ಮನ ದೀಕ್ಷಾಸ್ನಾನದ ಗುರುತು ಎಂದು ಒಂದು ಪಂಗಡ ಸಾರಿತು. ಅಂಥ ವರಗಳು ಅಪೊಸ್ತಲರೊಂದಿಗೇ ಮುಗಿದವು ಎಂದು ಇನ್ನೊಂದು ಪಂಗಡ ವಾದಿಸಿತು.

ಈ ವಾದದ ನಡುವೆ ನಿಂತ ರಮಾಬಾಯಿ ಭಾಷೆಯ ಬೆಲೆ ಬಲ್ಲವರು. ಅವರು 1858ರಲ್ಲಿ ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಕಾರ್ಕಳ ಸೀಮೆಯ ಮಾಳದ ಮೂಲದ ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ವೈದಿಕ ಸಮಾಜದ ವಿರೋಧ ಕಟ್ಟಿಕೊಂಡಿದ್ದರು. ಮಗಳು ತಾಯಿಯಿಂದ ಸಂಸ್ಕೃತ ಕಲಿತಳು. 1870ರ ದಶಕದ ಕ್ಷಾಮ ತಂದೆ, ತಾಯಿ, ಅಕ್ಕನನ್ನು ಬಲಿ ತೆಗೆದುಕೊಂಡಿತು. ಅಣ್ಣನೊಂದಿಗೆ ಊರೂರು ನಡೆದು ಪುರಾಣ ಹೇಳುತ್ತ ಬದುಕಿದ ಈ ತರುಣಿಗೆ 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು.

ಬಂಗಾಳದ ವಕೀಲ ಬಿಪಿನ್ ಬಿಹಾರಿ ಅವರೊಂದಿಗಿನ ದಾಂಪತ್ಯ ಎರಡು ವರ್ಷವೂ ಉಳಿಯಲಿಲ್ಲ. 1882ರಲ್ಲಿ ವಿಧವೆಯಾದ ರಮಾಬಾಯಿ ಹಸುಳೆ ಮನೋರಮಾಳೊಂದಿಗೆ ಮರುವರ್ಷ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತರಾದರು. ಆದರೆ ಪಂಡಿತರ ಅಧಿಕಾರಕ್ಕೆ ಮಣಿಯದವರು ಬಿಷಪ್ಪರಿಗೂ ಮಣಿಯಲಿಲ್ಲ. ಗುರುಗಳೊಂದಿಗೆ ಪತ್ರಗಳಲ್ಲಿ ಸತತ ವಾದಿಸಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896–97ರ ಮತ್ತು 1900ರ ಕ್ಷಾಮಗಳಲ್ಲಿ ಅನಾಥರಾದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವ್‌ನಲ್ಲಿ ನೆಲೆ ಕೊಟ್ಟರು.

ವೇಲ್ಸ್‌ನ ಧಾರ್ಮಿಕ ಉಜ್ಜೀವನದ ಸುದ್ದಿ ಕೇಳಿ, 1905ರಲ್ಲಿ ಅವರು ಆಶ್ರಮದಲ್ಲಿ ಪ್ರಾರ್ಥನಾ ಗುಂಪುಗಳನ್ನು ಆರಂಭಿಸಿದರು. ಸುಮಾರು 70 ಮಂದಿಯಿಂದ ಮೊದಲಾದ ಗುಂಪು 500 ದಾಟಿತು. ಜೂನ್ ಕೊನೆಯಲ್ಲಿ ಅಳು, ಪಾಪನಿವೇದನೆ, ಗಟ್ಟಿ ಧ್ವನಿಯ ಪ್ರಾರ್ಥನೆಗಳು ಮುಗಿಲು ಮುಟ್ಟಿದವು. ಅನ್ಯಭಾಷೆಯ ಸುದ್ದಿ 1906ರ ಹೊತ್ತಿಗೆ ಹರಡಿತು. ಇಂಗ್ಲಿಷ್ ಅರಿಯದವಳೊಬ್ಬಳು ಆ ಭಾಷೆಯಲ್ಲಿ ಪ್ರಾರ್ಥಿಸಿದ್ದನ್ನು ಕೇಳಿದೆನೆಂದು ಮಿಷನರಿ ಆಲ್ಬರ್ಟ್ ನಾರ್ಟನ್ ಬರೆದಿಟ್ಟರು. ಇದು ಉನ್ಮಾದ, ಕಾಡುಜನರ ಕೂಗು ಎಂದವರಲ್ಲಿ ಮಿಷನರಿಗಳೂ ಇದ್ದರು.

ರಮಾಬಾಯಿ ತಮಗೆ ಆ ವರ ಬಂದಿತೆಂದು ಹೇಳಿಕೊಳ್ಳಲಿಲ್ಲ. ಆದರೂ ತಮ್ಮ ಹುಡುಗಿಯರ ಬಾಯಿ ಮುಚ್ಚಿಸಲಿಲ್ಲ. 1907ರಲ್ಲಿ ಆಶ್ರಮದ ಪತ್ರಿಕೆಯಲ್ಲಿ ಅವರ ಪರವಾಗಿ ಬರೆದರು. ಭಾರತದ ಹೆಣ್ಣುಮಕ್ಕಳು ಪಾಶ್ಚಾತ್ಯರ ಶಿಸ್ತಿನಲ್ಲೇ ದೇವರನ್ನು ಕರೆಯಬೇಕೆಂಬ ನಿಯಮವನ್ನು ಅವರು ಒಪ್ಪಲಿಲ್ಲ. ಅನ್ಯಭಾಷೆಯನ್ನು ಪವಿತ್ರಾತ್ಮನ ಗುರುತುಗಳಲ್ಲಿ ಒಂದೆಂದು ಎಣಿಸಿದರೇ ಹೊರತು ಎಲ್ಲರಿಗೂ ಕಡ್ಡಾಯವಾದ ಪರೀಕ್ಷೆಯನ್ನಾಗಿಸಲಿಲ್ಲ. ಅವರ ಸಹಕಾರ್ಯಕರ್ತೆ ಮಿನ್ನಿ ಅಬ್ರಾಮ್ಸ್ 1906ರಲ್ಲಿ ಬರೆದ ಪುಸ್ತಕ ಚಿಲಿ ದೇಶ ತಲುಪಿ, 1909ರಲ್ಲಿ ಅಲ್ಲಿನ ಪೆಂತೆಕೊಸ್ತ್ ಚಳವಳಿಗೆ ಪ್ರೇರಣೆಯಾಯಿತು. ಈ ಚಳವಳಿಗೆ ಅಮೆರಿಕವೊಂದೇ ಮೂಲವಲ್ಲ, ಕೇಡಗಾಂವ್ ಕೂಡ ಒಂದು ಒರತೆ ಎಂದು ಇಂದು ಹಲವು ಇತಿಹಾಸಕಾರರು ವಾದಿಸುತ್ತಾರೆ.

ಈ ಸಹನೆಯ ಪಕ್ಕದಲ್ಲೇ ಇನ್ನೊಂದು ಕೆಲಸ ನಡೆದಿತ್ತು. ಬಳಕೆಯಲ್ಲಿದ್ದ ಮರಾಠಿ ಬೈಬಲ್‌ನ ಸಂಸ್ಕೃತಭೂಯಿಷ್ಠ ಭಾಷೆ ಹಳ್ಳಿಯ ಹೆಂಗಸರಿಗೆ ಎಟುಕದೆಂದು ಕಂಡು, ರಮಾಬಾಯಿ ಹೀಬ್ರೂ ಮತ್ತು ಗ್ರೀಕ್ ಕಲಿತು ಇಡೀ ಗ್ರಂಥವನ್ನು ಸರಳ ಮರಾಠಿಗೆ ತಂದರು. ಆಶ್ರಮದ ಮುದ್ರಣಾಲಯದಲ್ಲಿ ಮಹಿಳೆಯರೇ ಅದನ್ನು ಅಚ್ಚು ಹಾಕಿದರು. ಗುಲಬರ್ಗಾದಲ್ಲಿ ಶಾಲೆ ನಡೆಸಿದ್ದ ಮನೋರಮಾ 1921ರಲ್ಲಿ ತೀರಿಕೊಂಡರು. ಮರುವರ್ಷದ ಏಪ್ರಿಲ್ 5ರಂದು ತಾಯಿಯೂ ಕಣ್ಣುಮುಚ್ಚಿದರು.

ಅನ್ಯಭಾಷೆ ದೈವಿಕವೋ ಮನಸ್ಸಿನ ಉದ್ವೇಗವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆರಾಧನೆಯಲ್ಲಿ ಅದರ ಸ್ಥಾನವೇನೆಂಬ ಪ್ರಶ್ನೆಗೆ ಮಾತ್ರ ರಮಾಬಾಯಿ ನಡೆದು ತೋರಿದ ಉತ್ತರವಿದೆ. ಹಸಿವು, ವೈಧವ್ಯ, ಅವಮಾನಗಳನ್ನು ಉಂಡ ಹೆಣ್ಣು ದೇವರ ಮುಂದೆ ವ್ಯಾಕರಣವಿಲ್ಲದೆ ಮಾತನಾಡಬಹುದು. ಅದಕ್ಕೆ ಪಂಡಿತರ ಅಪ್ಪಣೆ ಬೇಕಿಲ್ಲ. ಆದರೆ ಮನುಷ್ಯರಿಗೆ ಬೋಧಿಸುವಾಗ ಮಾತು ತಿಳಿಯಾಗಿರಬೇಕು. ಶಾಸ್ತ್ರಭಾಷೆಯನ್ನು ಕರಗತ ಮಾಡಿಕೊಂಡಿದ್ದ ಮಹಿಳೆಯೊಬ್ಬರು ಮಾತಿಲ್ಲದವರ ಮಾತಿಗೆ ಇಷ್ಟು ಗೌರವ ಕೊಟ್ಟರೆಂಬುದನ್ನು ಆಸ್ತಿಕರೂ ನಾಸ್ತಿಕರೂ ಗಮನಿಸಬೇಕು.