ಯಳಂದೂರಿನ ಜಹಗೀರ್ದಾರ ದಿವಾನ್ ಪೂರ್ಣಯ್ಯ

ಯಳಂದೂರಿನ ಜಹಗೀರ್ದಾರ್ ಬಂಗಲೆಯನ್ನು ನಮ್ಮ ಭಾಗದವರು ಬಹುಮಂದಿ ನೋಡಿದ್ದಾರೆ. ಆ ಜಹಗೀರನ್ನು ಮೊದಲು ಪಡೆದವರು ದಿವಾನ್ ಪೂರ್ಣಯ್ಯನವರು.

1746ರಲ್ಲಿ ಕೊಯಮತ್ತೂರು ಸೀಮೆಯ ಬಡ ಕುಟುಂಬವೊಂದರಲ್ಲಿ ಅವರು ಜನಿಸಿದರು. ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗ ತನ್ನ ಬುದ್ಧಿಬಲದಿಂದ ಹೈದರಾಲಿಯ ಆಸ್ಥಾನ ಸೇರಿ, ಖಜಾನೆಯ ಹೊಣೆ ಹೊರುವಷ್ಟು ಬೆಳೆದರು. 1782ರ ಡಿಸೆಂಬರಿನಲ್ಲಿ ಯುದ್ಧಭೂಮಿಯ ಬಿಡಾರದಲ್ಲಿ ಹೈದರ್ ತೀರಿಕೊಂಡಾಗ, ದೂರದಲ್ಲಿದ್ದ ಟಿಪ್ಪು ಬರುವವರೆಗೂ ಆ ಸುದ್ದಿ ಹೊರಬೀಳದಂತೆ ಕಾಪಾಡಿದವರಲ್ಲಿ ಅವರೂ ಒಬ್ಬರು. ಸೈನ್ಯ ಒಡೆಯಲಿಲ್ಲ, ರಾಜ್ಯ ಉಳಿಯಿತು. ಮುಂದೆ ಟಿಪ್ಪುವಿನ ಆಡಳಿತದಲ್ಲೂ ಅವರು ಪ್ರಮುಖರಾಗಿದ್ದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದನು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೇರಿಸಿದ ಇಂಗ್ಲಿಷರು ಪೂರ್ಣಯ್ಯನವರನ್ನೇ ದಿವಾನರನ್ನಾಗಿ ಉಳಿಸಿಕೊಂಡರು. ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕಿದ್ದ ಕಾಲದಲ್ಲಿ ಅವರು ಕಂದಾಯವನ್ನು ಹದಕ್ಕೆ ತಂದರು. ಕೆರೆ, ಕಾಲುವೆ, ರಸ್ತೆಗಳನ್ನು ಸರಿಪಡಿಸಿದರು. 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಸೇತುವೆ ಇಂದಿಗೂ ನಿಂತಿದೆ, ಆದರೆ ಅದಕ್ಕಿರುವುದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು. 1807ರಲ್ಲಿ ಯಳಂದೂರು ಅವರಿಗೆ ಜಹಗೀರಾಗಿ ದೊರೆಯಿತು. 1811ರಲ್ಲಿ ಅಧಿಕಾರ ಬಿಟ್ಟ ಅವರು 1812ರಲ್ಲಿ ತೀರಿಕೊಂಡರು. ಅವರ ವಂಶದ ಪಿ.ಎನ್. ಕೃಷ್ಣಮೂರ್ತಿಯವರೂ 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು.

ಪೂರ್ಣಯ್ಯನವರನ್ನು ಕೆಲವರು ದಕ್ಷ ಆಡಳಿತಗಾರರೆಂದು ಹೊಗಳುತ್ತಾರೆ. ಒಡೆಯನನ್ನು ಸೋಲಿಸಿದವರ ಕೈಕೆಳಗೇ ದುಡಿದರೆಂದು ಕೆಲವರು ದೂರುತ್ತಾರೆ. ಟಿಪ್ಪುವನ್ನು ಮೆಚ್ಚುವವರು ಒಂದು ಕಥೆ ಹೇಳಿದರೆ, ಅರಮನೆಯನ್ನು ಮೆಚ್ಚುವವರು ಇನ್ನೊಂದು ಹೇಳುತ್ತಾರೆ. ಒಂದೊಂದು ಕಥೆಯೂ ಅವರ ಬದುಕಿನ ಅರ್ಧವನ್ನು ಬಿಟ್ಟುಬಿಡುತ್ತದೆ.

ಈ ಮಾತು ನಮ್ಮ ನೆಲಕ್ಕೂ ಸಲ್ಲುತ್ತದೆ. 1799ರ ಹಂಚಿಕೆಯ ನಂತರ ಯಳಂದೂರು ಮೈಸೂರಿನಲ್ಲಿ ಉಳಿಯಿತು. ಕೊಳ್ಳೇಗಾಲ, ಹನೂರು ಕಂಪನಿಯ ಪಾಲಾಗಿ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದವು. 1956ರ ನವೆಂಬರ್ 1ರವರೆಗೂ ಅಕ್ಕಪಕ್ಕದ ಊರಿನವರು ಬೇರೆ ಬೇರೆ ಸರ್ಕಾರಗಳ ಪ್ರಜೆಗಳಾಗಿದ್ದರು. ಇಂದು ಆ ಮೂರೂ ಊರುಗಳ ಮಕ್ಕಳು ಒಂದೇ ಪಠ್ಯಪುಸ್ತಕ ಓದುತ್ತಾರೆ. ಪೂರ್ಣಯ್ಯನವರು ಒಳ್ಳೆಯವರೋ ಕೆಟ್ಟವರೋ ಎಂದು ಮಕ್ಕಳಿಗೆ ಹೇಳಿಕೊಡುವ ಮೊದಲು, ಅವರು ಮಾಡಿದ್ದೆಲ್ಲವನ್ನೂ ಹೇಳೋಣ. ತೀರ್ಮಾನವನ್ನು ಅವರೇ ಮಾಡಲಿ. ಅಷ್ಟು ಮಾಡಿದರೆ ಇತಿಹಾಸದ ಪಾಠ ಸಾರ್ಥಕವಾಗುತ್ತದೆ.