ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಗೆಂದೇ ಹುಟ್ಟಿತೇ? ಆ ಮೆಸೇಜಿನಲ್ಲಿ ನಿಜವೆಷ್ಟು?

ಡೀಸೆಲ್ ಎಂಜಿನ್ ಮಾಡಿದ್ದೇ ಶೇಂಗಾ ಎಣ್ಣೆಯಲ್ಲಿ ಓಡಿಸಲು, ಅದನ್ನು ಮುಚ್ಚಿಹಾಕಲು ಪೆಟ್ರೋಲಿಯಂ ಕಂಪನಿಗಳು ಅದರ ಜನಕನನ್ನೇ ಸಮುದ್ರಕ್ಕೆ ತಳ್ಳಿದವು ಎನ್ನುವ ವಾಟ್ಸ್‌ಆ್ಯಪ್ ಸಂದೇಶ ಆಗಾಗ ಹರಿದಾಡುತ್ತದೆ. ಟ್ರ್ಯಾಕ್ಟರಿಗೆ ನೇರವಾಗಿ ಎಣ್ಣೆ ಸುರಿಯಿರಿ ಎಂಬ ಸಲಹೆಯೂ ಜೊತೆಗಿರುತ್ತದೆ. ಹಿರಿಯೂರಿನ ಶೇಂಗಾ ಹೊಲ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳನ್ನು ಕಂಡವರು ಇದನ್ನು ನಂಬುವುದು ಸುಲಭ. ಹಾಗಾಗಿ ರುಡಾಲ್ಫ್ ಡೀಸೆಲ್ ಅವರ ಬದುಕನ್ನೇ ಒಮ್ಮೆ ನೋಡೋಣ.

ಯಾರು ಈ ಡೀಸೆಲ್?

ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ತಂದೆ ತಾಯಿ ಜರ್ಮನಿಯ ಬವೇರಿಯಾ ಮೂಲದವರು. 1870ರಲ್ಲಿ ಫ್ರಾನ್ಸ್–ಜರ್ಮನಿ ಯುದ್ಧ ಶುರುವಾದಾಗ ಕುಟುಂಬ ಲಂಡನ್‌ಗೆ ಹೋಯಿತು. 12 ವರ್ಷದ ಹುಡುಗನನ್ನು ಓದಿಗಾಗಿ ಆಗ್ಸ್‌ಬರ್ಗ್‌ನ ಬಂಧುಗಳ ಮನೆಗೆ ಕಳಿಸಿದರು. ಮುಂದೆ ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್ ಕಲಿತರು.

ಆಗಿನ ಉಗಿಯಂತ್ರಗಳು ಕಲ್ಲಿದ್ದಲಿನ ಶಕ್ತಿಯಲ್ಲಿ ಸುಮಾರು ಶೇ 10ರಷ್ಟನ್ನು ಮಾತ್ರ ಕೆಲಸಕ್ಕೆ ಬಳಸುತ್ತಿದ್ದವು. ಉಳಿದದ್ದೆಲ್ಲ ಬಿಸಿಯಾಗಿ ಪೋಲು. ಈ ಪೋಲು ತಪ್ಪಿಸುವುದೇ ಡೀಸೆಲ್ ಅವರ ಗುರಿಯಾಯಿತು. ಸೈಕಲ್‌ಗೆ ಗಾಳಿ ಹೊಡೆದಾಗ ಪಂಪಿನ ತಳ ಬಿಸಿಯಾಗುತ್ತದಲ್ಲವೇ? ಗಾಳಿಯನ್ನು ಇನ್ನೂ ಬಿಗಿಯಾಗಿ ಒತ್ತಿದರೆ ಅದು ಎಷ್ಟು ಕಾಯುತ್ತದೆಂದರೆ, ಅದರೊಳಗೆ ಚಿಮ್ಮಿಸಿದ ಇಂಧನ ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. 1893ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಅದೇ ಆಗಸ್ಟ್‌ನ ಮೊದಲ ಪರೀಕ್ಷೆಯಲ್ಲಿ ಒತ್ತಡ ಅಳೆಯುವ ಸಾಧನ ಸಿಡಿಯಿತು. ಡೀಸೆಲ್ ಬಿಡಲಿಲ್ಲ. 1897ರ ಅಧಿಕೃತ ಪರೀಕ್ಷೆಯಲ್ಲಿ ಎಂಜಿನ್ ಶೇ 26.2ರಷ್ಟು ದಕ್ಷತೆ ತೋರಿಸಿತು.

ಶೇಂಗಾ ಎಣ್ಣೆಯ ಕತೆ

ಆ ಪರೀಕ್ಷೆಯ ಇಂಧನ ಸೀಮೆಎಣ್ಣೆ. ಅದಕ್ಕೂ ಮೊದಲು ಕಲ್ಲಿದ್ದಲ ಪುಡಿಯನ್ನೂ ಅವರು ಯೋಚಿಸಿದ್ದರು. ಶೇಂಗಾ ಎಣ್ಣೆ ಬಂದದ್ದು 1900ರ ಪ್ಯಾರಿಸ್ ಪ್ರದರ್ಶನದಲ್ಲಿ. ಫ್ರೆಂಚ್ ಸರ್ಕಾರದ ಕೋರಿಕೆಯಂತೆ ಒಟ್ಟೊ ಕಂಪನಿ ಒಂದು ಸಣ್ಣ ಡೀಸೆಲ್ ಎಂಜಿನ್ ಅನ್ನು ಅದರಲ್ಲಿ ಓಡಿಸಿತು. ಆಫ್ರಿಕಾದ ವಸಾಹತುಗಳಲ್ಲಿ ಬೆಳೆಯುವ ಶೇಂಗಾದಿಂದ ಅಲ್ಲೇ ಎಂಜಿನ್ ನಡೆಸಬಹುದೇ ಎಂಬುದು ಸರ್ಕಾರದ ಆಸಕ್ತಿ. ಡೀಸೆಲ್ ನಂತರ ತಾವೂ ಪ್ರಯೋಗ ಮಾಡಿದರು. ಸಸ್ಯಜನ್ಯ ಎಣ್ಣೆಗೆ ಮುಂದೆ ಮಹತ್ವ ಬರಬಹುದೆಂದು 1912ರಲ್ಲಿ ಹೇಳಿದರು.

ಕೊಲೆಯೇ?

1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಅವರು ಕಾಣೆಯಾದರು. ಕೆಲ ದಿನಗಳ ನಂತರ ಸಮುದ್ರದಲ್ಲಿ ಶವ ಸಿಕ್ಕಿತು. ಜೇಬಿನಲ್ಲಿದ್ದ ವಸ್ತುಗಳನ್ನು ಮಗ ಗುರುತಿಸಿದ. ಆಗ ಅವರು ಭಾರಿ ಸಾಲದಲ್ಲಿದ್ದರು. ಆತ್ಮಹತ್ಯೆ ಎನ್ನುವವರೇ ಹೆಚ್ಚು. ಕೊಲೆ ಎನ್ನಲು ಪುರಾವೆ ಸಿಕ್ಕಿಲ್ಲ.

ಟ್ರ್ಯಾಕ್ಟರಿಗೆ ಸುರಿಯಬಹುದೇ?

ಬೇಡ. ಶೇಂಗಾ ಎಣ್ಣೆ ಡೀಸೆಲ್‌ಗಿಂತ ಬಹಳ ಮಂದ. ಈಗಿನ ಇಂಜೆಕ್ಟರ್‌ನ ಸೂಕ್ಷ್ಮ ರಂಧ್ರಗಳಲ್ಲಿ ಅದು ನುಣ್ಣಗೆ ಸಿಂಪಡಣೆಯಾಗುವುದಿಲ್ಲ. ಅರೆಬರೆ ಉರಿದು ಮಸಿ ಕಟ್ಟುತ್ತದೆ, ಹೊಗೆ ಹೆಚ್ಚುತ್ತದೆ, ಎಂಜಿನ್ ಕೆಡುತ್ತದೆ. ಎಣ್ಣೆಯನ್ನು ಮೆಥನಾಲ್ ಜೊತೆ ಸಂಸ್ಕರಿಸಿ ಗ್ಲಿಸರಿನ್ ಬೇರ್ಪಡಿಸಿದರೆ ತೆಳುವಾದ ಬಯೋಡೀಸೆಲ್ ಸಿಗುತ್ತದೆ. ಹಾಸನದ ಮಡೆನೂರಿನಲ್ಲಿರುವ ಜೈವಿಕ ಇಂಧನ ಪಾರ್ಕ್‌ನ ಗಮನ ಹೊಂಗೆ, ಬೇವಿನಂಥ ತಿನ್ನಲಾಗದ ಎಣ್ಣೆಗಳ ಮೇಲಿದೆ. ಅಡುಗೆ ಎಣ್ಣೆ ಅಡುಗೆಗೇ ಉಳಿಯಲಿ ಎಂಬುದೇ ಇದರ ಹಿಂದಿನ ಲೆಕ್ಕ.

ಕೊನೆಗೆ

ಎಂಜಿನ್ ಶೇಂಗಾ ಎಣ್ಣೆಯಲ್ಲಿ ಓಡಿದ್ದು ನಿಜ. ಅದಕ್ಕೆಂದೇ ಹುಟ್ಟಿತು ಎನ್ನುವುದು ಸುಳ್ಳು. ಕೊಲೆಯ ಮಾತಿಗೆ ಆಧಾರವಿಲ್ಲ. ಆ ಮೆಸೇಜ್ ನಿಮಗೆ ಬಂದರೆ, ಕಳಿಸಿದವರಿಗೆ ಇದನ್ನು ಕಳಿಸಿ. ಒಬ್ಬರ ಟ್ರ್ಯಾಕ್ಟರ್ ಆದರೂ ಉಳಿದೀತು.