ಮೂವತ್ತು ಸೆಂಟಿನ ಹೂಜಿ

ಗೆದ್ದ ತಂಡಕ್ಕೆ ಬೆಳ್ಳಿಯ ಪಾರಿತೋಷಕ ಕೊಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಅಮೆರಿಕದ ಎರಡು ವಿಶ್ವವಿದ್ಯಾಲಯಗಳು ನೂರು ವರ್ಷಕ್ಕೂ ಮಿಕ್ಕಿ ಒಂದು ನೀರಿನ ಹೂಜಿಗಾಗಿ ಸೆಣಸುತ್ತ ಬಂದಿವೆ. ಅದಕ್ಕೆ ಕಾರಣರಾದವರು ಫೀಲ್ಡಿಂಗ್ ಯೋಸ್ಟ್.

ಯೋಸ್ಟರು 1871ರಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಜನಿಸಿದರು. ಓದಿದ್ದು ಕಾನೂನು, ಮನಸ್ಸು ನೆಟ್ಟಿದ್ದು ಫುಟ್‌ಬಾಲಿನಲ್ಲಿ. ಇದು ನಮ್ಮ ಮಕ್ಕಳು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಆಟ. 1901ರಲ್ಲಿ ಅವರು ಮಿಷಿಗನ್ ವಿಶ್ವವಿದ್ಯಾಲಯದ ತರಬೇತುದಾರರಾದರು. ಆ ವರ್ಷ ಅವರ ತಂಡ 550 ಅಂಕ ಗಳಿಸಿತು. ಎದುರಾಳಿಗಳಿಗೆ ಒಂದಂಕವನ್ನೂ ಬಿಟ್ಟುಕೊಡಲಿಲ್ಲ.

ಸತತವಾಗಿ 29 ಪಂದ್ಯ ಗೆದ್ದ ಈ ತಂಡ 1903ರ ಅಕ್ಟೋಬರ್ 31ರಂದು ಮಿನಿಯಾಪೊಲಿಸ್ ನಗರದಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದೆದುರು ಆಡಿತು. ಪರಸ್ಥಳದ ನೀರಿನ ಬಗ್ಗೆ ಯೋಸ್ಟರಿಗೆ ಅನುಮಾನವಿತ್ತಂತೆ. ತಂಡದ ವ್ಯವಸ್ಥೆ ನೋಡುತ್ತಿದ್ದ ವಿದ್ಯಾರ್ಥಿಯೊಬ್ಬ 30 ಸೆಂಟು ಕೊಟ್ಟು ಐದು ಗ್ಯಾಲನ್ ಹಿಡಿಯುವ ಹೂಜಿಯೊಂದನ್ನು ಕೊಂಡು ತಂದ. ಆಟ ಮುಗಿಯುವ ಹೊತ್ತಿಗೆ ಮಿನೆಸೋಟಾ ಅಂಕಗಳನ್ನು 6–6ಕ್ಕೆ ಸಮಮಾಡಿತು. ಜನ ಹಿಗ್ಗಿ ಮೈದಾನಕ್ಕೆ ನುಗ್ಗಿದರು; ಪಂದ್ಯ ಅಲ್ಲಿಗೇ ನಿಂತಿತು. ಮಿಷಿಗನ್ನಿನವರು ಊರಿಗೆ ಹೊರಟರು, ಹೂಜಿ ಅಲ್ಲೇ ಉಳಿಯಿತು.

ಆಸ್ಕರ್ ಮನ್ಸನ್ ಎಂಬ ನೌಕರ ಅದನ್ನು ಕ್ರೀಡಾಧಿಕಾರಿಗೆ ತಂದೊಪ್ಪಿಸಿದ. ಹೂಜಿಯ ಮೇಲೆ ಮಿನೆಸೋಟಾದ ಆರನ್ನು ದೊಡ್ಡದಾಗಿಯೂ ಮಿಷಿಗನ್ನಿನ ಆರನ್ನು ಚಿಕ್ಕದಾಗಿಯೂ ಬರೆದರು! ಯೋಸ್ಟರು ಹೂಜಿಯನ್ನು ಕೇಳಿದಾಗ, ಬೇಕಾದರೆ ಗೆದ್ದು ಒಯ್ಯಬೇಕೆಂದು ಉತ್ತರ ಬಂತೆಂಬ ಪ್ರತೀತಿಯಿದೆ. 1909ರಲ್ಲಿ ಅವರ ತಂಡ 15–6ರಿಂದ ಗೆದ್ದು ಅದನ್ನು ಒಯ್ದಿತು. 1919ರಲ್ಲಿ ಮಿನೆಸೋಟಾ ಮರಳಿ ಗೆದ್ದುಕೊಂಡಿತು. ಹೀಗೆ ಹೂಜಿ ಗೆದ್ದವರ ಬಳಿಗೆ ಸಂಚರಿಸುತ್ತದೆ. ಪ್ರತಿ ಪಂದ್ಯದ ಅಂಕಗಳೂ ಅದರ ಮೇಲೆ ಏರುತ್ತವೆ.

ಮಿಷಿಗನ್ನಿನಲ್ಲಿ 1927ರಲ್ಲಿ ತೆರೆದ ಭಾರೀ ಕ್ರೀಡಾಂಗಣವೂ ಯೋಸ್ಟರ ಪರಿಶ್ರಮದ ಫಲ. 1946ರಲ್ಲಿ ಅವರು ನಿಧನರಾದರು.

ಆದರೆ ದೊಡ್ಡವರ ಲೋಪವನ್ನೂ ನಾವು ಮುಚ್ಚಿಡಬಾರದು. ಅವರಿಗಿಂತ ಮೊದಲೇ, 1890ರಲ್ಲಿ, ಜಾರ್ಜ್ ಜುವೆಟ್ ಎಂಬ ಕಪ್ಪುಜನಾಂಗದ ಯುವಕ ಮಿಷಿಗನ್ ಪರವಾಗಿ ಆಡಿದ್ದ. ಯೋಸ್ಟರು ತರಬೇತುದಾರರಾಗಿದ್ದಷ್ಟು ಕಾಲ ಆ ಜನಾಂಗದ ಯಾರಿಗೂ ಫುಟ್‌ಬಾಲ್ ತಂಡದಲ್ಲಿ ನೆಲೆ ಸಿಗಲಿಲ್ಲ. 1934ರಲ್ಲಿ ಅವರು ಕ್ರೀಡಾ ನಿರ್ದೇಶಕರಾಗಿದ್ದಾಗ, ಜಾರ್ಜಿಯಾ ಟೆಕ್ ತಂಡದ ಹಟಕ್ಕೆ ಮಣಿದು ವಿಲ್ಲಿಸ್ ವಾರ್ಡ್ ಎಂಬ ಉತ್ತಮ ಆಟಗಾರನನ್ನು ಬಣ್ಣದ ಕಾರಣಕ್ಕೆ ಹೊರಗಿಡಲಾಯಿತು. 2021ರಲ್ಲಿ ಮಿಷಿಗನ್ ಮತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಗಳು ತಮ್ಮ ನಡುವಿನ ಸಂಚಾರಿ ಪಾರಿತೋಷಕಕ್ಕೆ ಜುವೆಟ್ ಹೆಸರನ್ನಿಟ್ಟವು. ಆತ ಎರಡೂ ಕಡೆ ಆಡಿದವನು.

ವಿದ್ಯಾರ್ಥಿಗಳೇ, ಮೂವತ್ತು ಸೆಂಟಿನ ಹೂಜಿಗೆ ಬೆಲೆ ಬಂದದ್ದು ಅದನ್ನು ಕಸಿಯದೆ ಆಡಿಯೇ ಗೆಲ್ಲಬೇಕೆಂಬ ಕಟ್ಟುಪಾಡಿನಿಂದ. ಅಂಥ ಆಟದ ಬಾಗಿಲು ಎಲ್ಲರಿಗೂ ತೆರೆದಿದ್ದರೆ ಮಾತ್ರ ಗೆಲುವಿಗೆ ಪೂರ್ತಿ ಬೆಲೆ. ಆಟದ ಬಯಲಿನಲ್ಲಿ ತಂಡ ಕಟ್ಟುವಾಗ ಇದನ್ನು ನೆನೆಯೋಣ.